ಬಸರಾದಲ್ಲಿ ಉಳಿದವನು

ಕಿತ್ತೂರಿನ ಕಥೆ ಹೇಳಲು ನಿಂತರೆ ನನ್ನ ದನಿ ತಾನಾಗಿಯೇ ಏರುತ್ತದೆ. 1824ರ ಅಕ್ಟೋಬರ್ 23. ಕೋಟೆಯ ಬಾಗಿಲಿಗೆ ತೋಪು ತಂದು ನಿಲ್ಲಿಸಿದ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ, ಅಮಟೂರ ಬಾಳಪ್ಪನ ಗುಂಡು, ಚೆಲ್ಲಾಪಿಲ್ಲಿಯಾದ ಕಂಪನಿಯ ದಂಡು. ಈ ಸೀಮೆಯಲ್ಲಿ ಹುಟ್ಟಿದವರಿಗೆ ನಮ್ಮವರಾರು, ಪರರಾರು ಎಂಬುದು ಪಾಟಿ ಹಿಡಿಯುವ ಮೊದಲೇ ಗೊತ್ತಿರುತ್ತದೆ. ಥ್ಯಾಕರೆಯ ಸ್ಮಾರಕ ಧಾರವಾಡದಲ್ಲಿದೆ. ಅದರ ಮುಂದೆ ನಿಂತಾಗ ನನ್ನಲ್ಲಿ ದುಃಖ ಹುಟ್ಟಲಿಲ್ಲ, ಹುಟ್ಟಬೇಕಿತ್ತು ಅಂತಲೂ ಅನಿಸಲಿಲ್ಲ. ಸಮುದ್ರ ದಾಟಿ ಬಂದು ಇನ್ನೊಬ್ಬರ ಹೊಸ್ತಿಲಲ್ಲಿ ಸತ್ತವನು, ಅವನಿಗೆ ಅಳುವವರು ಅವನ ನಾಡಿನಲ್ಲಿರಲಿ ಎಂದುಕೊಂಡೆ. ಬೈಲಹೊಂಗಲದಲ್ಲಿ ಕಿತ್ತೂರಿನ ರಾಣಿ ಚನ್ನಮ್ಮನ ಸಮಾಧಿಯ ಮುಂದೆ ಹಾಗಲ್ಲ. ಅಲ್ಲಿ ತಲೆ ಬಾಗಿಸು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಸೆರೆಯಲ್ಲಿ ವರ್ಷಗಳನ್ನು ತಳ್ಳಿ 1829ರ ಫೆಬ್ರವರಿಯಲ್ಲಿ ಕಣ್ಣು ಮುಚ್ಚಿದ ತಾಯಿ ಆಕೆ.

ನನ್ನ ಈ ನಿಶ್ಚಯ ಅಲುಗಾಡುವುದು ಸವದತ್ತಿ ಕಡೆಯ ನನ್ನ ತಾಯಿಯ ತವರಿನಲ್ಲಿ. ಅಲ್ಲಿ ದೇವರ ಜಗಲಿಯ ಹಿಂದೆ, ಕೆಂಪು ಅರಿವೆಯಲ್ಲಿ ಸುತ್ತಿದ ಒಂದು ಕಂಚಿನ ಬಿಲ್ಲೆ ಇದೆ. ಅಂಗೈ ಮೀರುವಷ್ಟು ಅಗಲ. ಕೈಯಲ್ಲಿ ತ್ರಿಶೂಲ ಹಿಡಿದು ನಿಂತ ಬ್ರಿಟಾನಿಯಾ, ಕಾಲ ಬಳಿ ಸಿಂಹ, ಅಂಚಿನ ಸುತ್ತ ಇಂಗ್ಲಿಷ್ ಅಕ್ಷರ: ಈತ ಸ್ವಾತಂತ್ರ್ಯಕ್ಕಾಗಿ, ಗೌರವಕ್ಕಾಗಿ ಪ್ರಾಣ ಕೊಟ್ಟ. ಒಂದು ಸಣ್ಣ ಚೌಕದೊಳಗೆ ನಮ್ಮವನ ಹೆಸರು. ಮಾನಮಿ ಅಮಾಸಿಗೆ ಹಿರಿಯರಿಗೆ ಎಡಿ ಹಿಡಿಯುವಾಗ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಫಳಫಳ ಮಾಡಿ ಇಡುತ್ತಾರೆ. ವರ್ಷ ವರ್ಷ ತಿಕ್ಕಿಸಿಕೊಂಡು ಸಿಂಹದ ಮುಖ ಸವೆದಿದೆ. ಯಾರು ಈತ ಎಂದು ಕೇಳಿದರೆ ಅಜ್ಜಿಯ ಉತ್ತರ ಇಷ್ಟೇ: "ನಿಮ್ಮಜ್ಜಾರ ದೊಡ್ಡಪ್ಪ. ದಂಡಿಗೆ ಹ್ವಾದಾವ, ಬಸರಾದಾಗ ಉಳದ."

ಬಸರಾ ಎಂದರೆ ಇರಾಕಿನ ಬಸ್ರಾ. ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾಕ್ಕೆ ಹೋದ ಪುಣೆ ಡಿವಿಜನ್ನಿನಲ್ಲಿ 103, 110, 117ನೇ ಮರಾಠಾ ಪಲಟಣಗಳಿದ್ದವು. ಟೈಗ್ರಿಸ್ ದಂಡೆಯ ಕುತ್ ಪಟ್ಟಣದಲ್ಲಿ ತುರ್ಕರು ಅವರನ್ನು 1915ರ ಡಿಸೆಂಬರಿನಿಂದ ಮುತ್ತಿದರು. ಕುದುರೆ ಮಾಂಸ ತಿನ್ನುವ ಹೊತ್ತು ಬಂತು, ಎಷ್ಟೋ ಸಿಪಾಯಿಗಳು ಅದನ್ನು ಮುಟ್ಟದೆ ಉಪವಾಸ ಬಿದ್ದರು. 1916ರ ಏಪ್ರಿಲ್ 29ರಂದು ಸುಮಾರು 13 ಸಾವಿರ ಜನ ಶರಣಾದರು. ಮರುಭೂಮಿಯಲ್ಲಿ ನಡೆಸಿಕೊಂಡು ಹೋದ ದಾರಿಯಲ್ಲೂ ಸೆರೆಯಲ್ಲೂ ಸಾವಿರಾರು ಮಂದಿ ಸತ್ತರು. ಗೋರಿ ಸಿಗದವರಿಗಾಗಿ ಬಸ್ರಾದಲ್ಲಿ ಒಂದು ದೊಡ್ಡ ಸ್ಮಾರಕ ಎದ್ದಿತು. ಅದನ್ನು ತೆರೆದದ್ದು 1929ರಲ್ಲಿ, ಚನ್ನಮ್ಮ ಸತ್ತು ಸರಿಯಾಗಿ ನೂರು ವರ್ಷಕ್ಕೆ.

ಆ ಸ್ಮಾರಕದ ವಿಚಾರ ಓದಿದ ದಿನ ನನಗೆ ಊಟ ಸೇರಲಿಲ್ಲ. ಬ್ರಿಟಿಷ್ ಸೈನಿಕರ ಹೆಸರುಗಳನ್ನು ಅದರ ಮೇಲೆ ಕೆತ್ತಿದರು, ಭಾರತೀಯ ಅಧಿಕಾರಿಗಳ ಹೆಸರನ್ನೂ ಕೆತ್ತಿದರು. ನಮ್ಮ ಸಾಮಾನ್ಯ ಸಿಪಾಯಿಗಳನ್ನು ಮಾತ್ರ ಪಲಟಣದ ಹೆಸರಿನ ಕೆಳಗೆ ಬರೀ ಸಂಖ್ಯೆಯಾಗಿ ಬರೆದರು, ಇಷ್ಟು ಮಂದಿ ಎಂದು. ಮನೆಯ ಬಿಲ್ಲೆಯ ಮೇಲೆ ಹೆಸರಿದೆ, ಹುದ್ದೆಯಿಲ್ಲ. ಸಾವಿನಲ್ಲಿ ಎಲ್ಲರೂ ಸಮ ಎಂದು ಬೇಕೆಂದೇ ಹಾಗೆ ಅಚ್ಚು ಹಾಕಿದ್ದರು. ಕಲ್ಲಿನ ಮೇಲೆ ಹುದ್ದೆ ಉಳಿಯಿತು, ಹೆಸರು ಹೋಯಿತು. ಯುದ್ಧಸಮಾಧಿಗಳ ಆಯೋಗ ಇದಕ್ಕೆ ಕ್ಷಮೆ ಕೇಳಿದ್ದು 2021ರಲ್ಲಿ.

ಸಿಟ್ಟು ಬಂತು ನಿಜ. ಆದರೆ ಆ ಸಿಟ್ಟನ್ನು ಹಿಡಿದು ನೋಡಿದಾಗ ಅದರ ಬೇರು ಎಲ್ಲಿದೆ ಎಂದು ಕಂಡಿತು. ಅನ್ಯಾಯಕ್ಕಿಂತ ಹೆಚ್ಚಾಗಿ, ಆತ ನನ್ನ ರಕ್ತ ಎಂಬುದು ನನ್ನನ್ನು ಕೆರಳಿಸಿತ್ತು. ಚನ್ನಮ್ಮನನ್ನು ಸೆರೆಗೆ ಹಾಕಿದ ಸರಕಾರದ ಪಗಾರ ತಿಂದವನು ಆತ. ಥ್ಯಾಕರೆ ಕಿತ್ತೂರಿಗೆ ಬಂದಂತೆಯೇ ಸಮುದ್ರ ದಾಟಿ, ತನಗೆ ಯಾವ ಕೇಡನ್ನೂ ಮಾಡದವರ ನಾಡಿಗೆ ಬಂದೂಕು ಹೊತ್ತು ಹೋದ. ಕುತ್ ಕಡೆಯ ಒಬ್ಬ ಅರಬ ರೈತ ಆ ಸ್ಮಾರಕದ ಮುಂದೆ ನಿಂತರೆ ನಾನು ಧಾರವಾಡದಲ್ಲಿ ನಿಂತಂತೆಯೇ ನಿಲ್ಲುತ್ತಾನೆ. ಅವನ ಕಣ್ಣಲ್ಲಿ ನೀರು ಬರಲಿ ಎಂದು ಯಾವ ಬಾಯಿಂದ ಕೇಳಲಿ?

ಹೊಟ್ಟೆಪಾಡಿಗೆ ಹೋದ, ಮಳೆಯಿಲ್ಲದ ಎರೆಹೊಲ ಅವನನ್ನು ಅಟ್ಟಿತು ಎಂದು ನನ್ನವನ ಪರ ವಾದ ಹೂಡುತ್ತೇನೆ. ಹಾಗಾದರೆ 1824ರಲ್ಲಿ ಥ್ಯಾಕರೆಯ ಬೆನ್ನಿಗಿದ್ದ ತೋಪಿನವರಲ್ಲೂ ಸಿಪಾಯಿಗಳಲ್ಲೂ ಹೆಚ್ಚಿನವರು ಈ ದೇಶದವರೇ. ಅವರನ್ನೂ ಯಾವುದೋ ಬರಗಾಲವೇ ಅಟ್ಟಿರಬೇಕು. ಆ ದಿನ ಸತ್ತ ಅವರಿಗಾಗಿ ನಾನು ಇದುವರೆಗೆ ಒಂದು ಮಾತೂ ಆಡಿಲ್ಲ. ನನ್ನ ಭಾಷಣಗಳಲ್ಲಿ ಅವರು ವೈರಿಯ ದಂಡು, ಅಷ್ಟೇ. ಇಷ್ಟು ಮಂದಿ ಬಿದ್ದರು ಎಂದು ಹುಮ್ಮಸ್ಸಿನಿಂದ ಹೇಳಿ ಚಪ್ಪಾಳೆ ಪಡೆದಿದ್ದೇನೆ. ಬಸ್ರಾದ ಕಲ್ಲಿನ ಮೇಲಿನ ಲೆಕ್ಕವೂ ನನ್ನ ಈ ಲೆಕ್ಕವೂ ಬೇರೆಯೇನಲ್ಲ.

ಆದರೂ ಎಲ್ಲ ಸಾವೂ ಒಂದೇ ಎಂದು ಒಪ್ಪಲು ನನ್ನಿಂದ ಆಗುವುದಿಲ್ಲ. ಕೋಟೆ ಕಾಯುತ್ತ ಸತ್ತವನೂ ಕೋಟೆ ಒಡೆಯಲು ಬಂದು ಸತ್ತವನೂ ನನಗೆ ಸಮನಾಗಲಾರರು. 1831ರ ಜನವರಿ 26ರಂದು ನಂದಗಡದಲ್ಲಿ ನೇಣಿಗೇರಿದ ಸಂಗೊಳ್ಳಿ ರಾಯಣ್ಣನ ಪಕ್ಕಕ್ಕೆ ನಾನು ನನ್ನ ಅಜ್ಜನ ದೊಡ್ಡಪ್ಪನನ್ನು ನಿಲ್ಲಿಸಲಾರೆ. ನಿಲ್ಲಿಸಿದರೆ ರಾಯಣ್ಣನಿಗೆ ಅನ್ಯಾಯ. ಗೌರವ ಬೇರೆ, ಹೆಸರು ಹಿಡಿದು ನೆನೆಯುವುದು ಬೇರೆ. ಗೌರವವನ್ನು ನಾನು ತೂಗಿಯೇ ಕೊಡುತ್ತೇನೆ. ಹೆಸರನ್ನೂ ಹಾಗೆಯೇ ತೂಗುತ್ತ ಬಂದೆನಲ್ಲ, ನನ್ನನ್ನು ಕಾಡುವುದು ಅದು.

ಕಿತ್ತೂರಿನ ಕಡೆ ನಿಂತು ಸತ್ತವರಲ್ಲಿ ಎಷ್ಟು ಜನರ ಹೆಸರು ನನಗೆ ಬರುತ್ತದೆ? ಕೈಬೆರಳು ಮಡಿಸಿ ಮುಗಿಸಬಹುದು. ರಾಣಿ, ರಾಯಣ್ಣ, ಬಾಳಪ್ಪ ದಾಟಿದರೆ ಉಳಿದವರು ನನಗೂ "ವೀರ ಸೈನಿಕರು" ಎಂಬ ಒಂದೇ ಮಾತು. ಈ ಸಲ ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವಕ್ಕೆ ಮಾತಾಡಲು ಕರೆದರೆ ದನಿ ಏರಿಸುವ ಮೊದಲು ಸುತ್ತಲಿನ ಹಳ್ಳಿಗಳಿಗೆ ಹೋಗಿ, ಯಾವ ಮನೆಯಲ್ಲಿ ಯಾರಿಗೆ ಎಡಿ ಹಿಡಿಯುತ್ತಾರೆಂದು ಕೇಳಿ ಬರೆದುಕೊಳ್ಳಬೇಕೆಂದಿದ್ದೇನೆ. ಯಾರ ದಂಡಿನಲ್ಲಿದ್ದ ಎಂಬ ಪ್ರಶ್ನೆಯನ್ನು ಎರಡನೆಯದಾಗಿ ಕೇಳುತ್ತೇನೆ.