ಅಂಬ್ಲಿಗೊಳದ ಹಿತ್ತಿಲಲ್ಲಿ ಅರಬರ ಚಟ್ನಿ

ಜೋಗದ ಜಲಪಾತವನ್ನು ನೋಡಲು ಹೊರಟವರೂ ಬನವಾಸಿಯ ಮಧುಕೇಶ್ವರನ ದರ್ಶನಕ್ಕೆ ಹೊರಟವರೂ ಶಿಕಾರಿಪುರ, ಸೊರಬಗಳ ಸೀಮೆಯನ್ನು ಹಾದುಹೋಗುವುದುಂಟು. ಆದರೆ ಅಲ್ಲಿ ಇಳಿದು ನಾಲ್ಕು ದಿನ ನಿಲ್ಲುವವರು ಕಡಮೆ. ಬಸ್ಸಿನ ಕಿಟಕಿಯಿಂದ ಕಂಡ ಗದ್ದೆ, ತೋಟ, ಕೆರೆ ಇಷ್ಟರಿಂದಲೇ ತೃಪ್ತರಾಗಿ ಅವರು ಮುಂದೆ ಸಾಗುತ್ತಾರೆ. ಇದು ಆ ಸೀಮೆಗೆ ಆಗುವ ಅನ್ಯಾಯವೆಂದು ನನ್ನ ಅಭಿಪ್ರಾಯ. ಏಕೆಂದರೆ ಮಲೆನಾಡು ಮುಗಿದು ಬಯಲುಸೀಮೆ ಮೊದಲಾಗುವ ಚೋದ್ಯವನ್ನು ನೋಡಬೇಕಾದರೆ ಇದಕ್ಕಿಂತ ಒಳ್ಳೆಯ ಸ್ಥಳವಿಲ್ಲ.

ಅಂಬ್ಲಿಗೊಳ ಈ ಸೀಮೆಯದೇ ಒಂದು ಊರು. ಅಂಬಲಿಯೂ ಕೊಳವೂ ಒಟ್ಟಿಗೇ ಕಿವಿಗೆ ಬೀಳುವಂಥ ಹೆಸರು. ಹಸಿದವನಿಗೂ ಬಾಯಾರಿದವನಿಗೂ ಏಕಕಾಲಕ್ಕೆ ಆಸೆ ಹುಟ್ಟಿಸುವಂತಿದೆ. ಹೆಸರಿಗೆ ತಕ್ಕಂತೆ ಇಲ್ಲಿ ನೀರಿದೆ. ಉದ್ದನೆಯ ಏರಿಯ ಹಿಂದೆ ಅಂಬ್ಲಿಗೊಳದ ಜಲಾಶಯ ಮೈಚಾಚಿ ಮಲಗಿದೆ. ಸಂಜೆಯ ವೇಳೆ ಏರಿಯ ಮೇಲೆ ನಿಂತರೆ ಒಂದು ಕಡೆ ನೀರು, ಇನ್ನೊಂದು ಕಡೆ ಆ ನೀರಿನಿಂದ ಬದುಕುವ ಹಸುರು. ಪಶ್ಚಿಮಕ್ಕೆ ಹೋದಂತೆಲ್ಲ ಮಳೆ ಹೆಚ್ಚು, ಅಡಕೆಯ ತೋಟ ದಟ್ಟ. ಪೂರ್ವಕ್ಕೆ ಹೋದಂತೆಲ್ಲ ಬಯಲು, ಮೆಕ್ಕೆಜೋಳದ ಹೊಲ.

ನೆಲ ಹೇಗೋ ಅಡುಗೆಯೂ ಹಾಗೆ. ಪಶ್ಚಿಮದ ಮಲೆನಾಡಿನ ಅಡುಗೆಮನೆ ಎಲೆಗಳ ಸಾಮ್ರಾಜ್ಯ. ಒಂದೆಲಗ, ದೊಡ್ಡಪತ್ರೆ, ಕೆಸು, ಚಕ್ರಮುನಿ ಹೀಗೆ ಕೈಗೆ ಸಿಕ್ಕಿದ ಸೊಪ್ಪೆಲ್ಲ ತುಪ್ಪದಲ್ಲಿ ಬಾಡಿ, ಜೀರಿಗೆ ಮೆಣಸಿನೊಡನೆ ಅರೆದು, ಮಜ್ಜಿಗೆ ಸೇರಿ ತಂಬುಳಿಯಾಗುತ್ತದೆ, ಇಲ್ಲವೆ ಚಟ್ನಿಯಾಗುತ್ತದೆ. ಪೂರ್ವದ ಬಯಲಿನದು ಕಾಳುಗಳ ರಾಜ್ಯ. ಕಡಲೆ, ಹುರುಳಿ, ಶೇಂಗಾ, ಎಳ್ಳು, ಗುರೆಳ್ಳು ಅಲ್ಲಿಯ ಪುಡಿ ಚಟ್ನಿಗಳ ಜೀವಾಳ. ಅಲ್ಲಿಂದ ಸ್ವಲ್ಪ ಮುಂದೆ ಹೋದರೆ ಹಾವೇರಿ ಜಿಲ್ಲೆಯ ಬ್ಯಾಡಗಿ. ಖಾರಕ್ಕಿಂತ ಬಣ್ಣಕ್ಕೆ ಹೆಸರಾದ ಮೆಣಸಿನಕಾಯಿಯ ತೌರು. ಎಲೆಯೂ ಕಾಳೂ ಒಂದೇ ಒರಳಿನಲ್ಲಿ ಕೂಡುವುದಾದರೆ ಅದು ಇಂಥ ಗಡಿಸೀಮೆಯಲ್ಲೇ ಕೂಡಬೇಕು.

ಈ ಸೀಮೆಗೆ ಊಟದ ಕೀರ್ತಿ ಹೊಸದೇನೂ ಅಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೇದಾರೇಶ್ವರ ದೇವಾಲಯವನ್ನು ನೋಡಿದವರು ಅಲ್ಲಿಯ ಶಿಲ್ಪವನ್ನು ಹೊಗಳುತ್ತಾರೆ. ಆದರೆ ಅಲ್ಲಿದ್ದ ಕೋಡಿಯ ಮಠವನ್ನು ವರ್ಣಿಸುವ ಕ್ರಿ.ಶ. 1162ರ ಶಾಸನವು, ಆ ಮಠವು ನಾನಾ ಶಾಸ್ತ್ರಗಳ ವಿದ್ಯಾಸ್ಥಾನವಾಗಿದ್ದಂತೆಯೇ ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ದೇಶಾಂತರದಿಂದ ಬಂದ ಸಂನ್ಯಾಸಿಗಳಿಗೆ ಅನ್ನವಿಕ್ಕುವ ಸ್ಥಳವೂ ಆಗಿತ್ತೆಂದು ಹೇಳುತ್ತದೆ. ಹೊರಗಿನಿಂದ ಬಂದವನಿಗೆ ಎಲೆ ಹಾಕಿ ಬಡಿಸುವುದು ಈ ನೆಲದ ಹಳೆಯ ಅಭ್ಯಾಸ. ನಾನು ಹೇಳಹೊರಟಿರುವುದೂ ಅಂಥದೇ ಒಬ್ಬ ಹೊರಗಿನ ಅತಿಥಿಯ ಕಥೆ. ಆ ಅತಿಥಿಯ ಹೆಸರು ಹಮ್ಮಸ್.

ಹಮ್ಮಸ್ ಎಂಬ ಮಾತು ಈಗ ನಗರದ ಮಕ್ಕಳಿಗೆ ಹೊಸದಲ್ಲ. ದೊಡ್ಡ ಅಂಗಡಿಗಳಲ್ಲಿ ಪುಟ್ಟ ಡಬ್ಬಿಗಳಲ್ಲಿ ತಣ್ಣಗೆ ಕುಳಿತಿರುತ್ತದೆ. ಬೆಲೆ ಮಾತ್ರ ಬಿಸಿ. ಅರಬ್ಬಿ ಭಾಷೆಯಲ್ಲಿ ಆ ಶಬ್ದಕ್ಕೆ ಕಡಲೆ ಎಂದಷ್ಟೇ ಅರ್ಥ. ಬೆಂದ ಕಡಲೆಯನ್ನು ನುಣ್ಣಗೆ ಅರೆದು, ಅದಕ್ಕೆ ತಾಹಿನಿ ಎಂಬ ಎಳ್ಳಿನ ಹಿಟ್ಟು, ನಿಂಬೆಯ ರಸ, ಬೆಳ್ಳುಳ್ಳಿ, ಉಪ್ಪು ಸೇರಿಸಿ, ಮೇಲೆ ಆಲಿವ್ ಎಣ್ಣೆ ಸುರಿದರೆ ಆಯಿತು ಹಮ್ಮಸ್. ಸಿರಿಯಾ, ಲೆಬನಾನ್, ಪ್ಯಾಲೆಸ್ಟೈನ್, ಇಸ್ರೇಲ್, ಈಜಿಪ್ಟ್ ದೇಶಗಳ ಜನ ಇದನ್ನು ರೊಟ್ಟಿಯ ಚೂರಿನಿಂದ ಬಳಿದು ತಿನ್ನುತ್ತಾರೆ. ಇದು ಯಾರ ಸ್ವತ್ತೆಂಬ ಬಗ್ಗೆ ಅಲ್ಲಿ ಜಗಳವೂ ಉಂಟು. 2010ನೆಯ ಇಸವಿಯ ಜನವರಿಯಲ್ಲಿ ಇಸ್ರೇಲಿನವರು ನಾಲ್ಕು ಸಾವಿರ ಕಿಲೋಗ್ರಾಮಿಗೂ ಮಿಕ್ಕಿದ ಹಮ್ಮಸ್ಸನ್ನು ಒಂದೇ ಪಾತ್ರೆಯಲ್ಲಿ ಮಾಡಿ ದಾಖಲೆ ಸ್ಥಾಪಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ಲೆಬನಾನಿನವರು 10,452 ಕಿಲೋಗ್ರಾಂ ಮಾಡಿ ಅದನ್ನು ಮುರಿದರು. ಅವರ ದೇಶದ ವಿಸ್ತೀರ್ಣ 10,452 ಚದರ ಕಿಲೋಮೀಟರು. ಲೆಕ್ಕ ಬೇಕೆಂದೇ ಹೊಂದಿಸಿದ್ದು!

ಈ ಜಗಳದಲ್ಲಿ ನಮ್ಮದೂ ಒಂದು ಪಾಲಿದೆಯೆಂದರೆ ವಾಚಕರು ನಗಬಾರದು. ಕಡಲೆಯನ್ನು ಮೊದಲು ಬೆಳೆಗೆ ತಂದವರು ಇಂದಿನ ಟರ್ಕಿಯ ಆಗ್ನೇಯ ಭಾಗ ಹಾಗೂ ಸಿರಿಯಾದ ಕಡೆಯ ಪ್ರಾಚೀನ ಜನ. ಅದು ಅಲ್ಲಿಂದ ನಡೆದು ನಮ್ಮಲ್ಲಿಗೆ ಬಂದಿತು. ಎಳ್ಳಾದರೋ ನಮ್ಮ ಉಪಖಂಡದಲ್ಲಿಯೇ ಮೊದಲು ಬೆಳೆಗೆ ಬಂದ ಕಾಳು. ಹರಪ್ಪದ ಅಗೆತದಲ್ಲಿ ಸುಟ್ಟು ಕರಿದಾದ ಎಳ್ಳು ಸಿಕ್ಕಿದೆ. ಅದು ಇಲ್ಲಿಂದ ಪಶ್ಚಿಮಕ್ಕೆ ಹೋಯಿತು. ಅವರ ಕಡಲೆ ನಮ್ಮ ಮನೆಗೆ ಬಂದಿತು, ನಮ್ಮ ಎಳ್ಳು ಅವರ ಮನೆ ಸೇರಿತು. ಇಂಥ ಕೊಡುಕೊಳೆಗೆ ನಮ್ಮಲ್ಲಿ ಬೀಗತನವೆನ್ನುತ್ತಾರೆ.

ಈ ಬೀಗತನವನ್ನು ನಾನು ಕಣ್ಣಾರೆ ಕಂಡದ್ದು ಅಂಬ್ಲಿಗೊಳದ ಬಳಿಯ ನಮ್ಮ ಬಂಧುಗಳ ಮನೆಯಲ್ಲಿ. ಬೆಂಗಳೂರಿನಲ್ಲಿ ಓದುವ ಮೊಮ್ಮಗಳು ರಜೆಗೆ ಬಂದಿದ್ದಳು. ಬರುವಾಗ ಕಾಬೂಲಿ ಕಡಲೆಯನ್ನು ತಂದು, ರಾತ್ರಿಯೇ ನೆನೆಹಾಕಿದ್ದಳು. ಬೆಳಗ್ಗೆ ಅಡುಗೆಮನೆಯಲ್ಲಿ ಸಂಭಾಷಣೆ ನಡೆಯಿತು.

“ಅಜ್ಜೀ, ಇದಕ್ಕೆ ತಾಹಿನಿ ಬೇಕಲ್ಲ. ಇಲ್ಲಿಯ ಅಂಗಡಿಯಲ್ಲಿ ಸಿಗುತ್ತದೆಯೇ?”

“ಅದೇನೇ ಅದು?”

“ಎಳ್ಳನ್ನು ಬೆಣ್ಣೆಯ ಹಾಗೆ ಅರೆದಿರುತ್ತಾರೆ.”

“ಎಳ್ಳನ್ನು ಅರೆಯುವುದಕ್ಕೆ ಅಂಗಡಿಗೇಕೆ ಹೋಗಬೇಕೇ? ನಾಗರಪಂಚಮಿಗೆ ಚಿಗಳಿ ಕುಟ್ಟುವ ಮನೆ ಇದು!”

ಎಳ್ಳು ಡಬ್ಬಿಯಿಂದ ಇಳಿಯಿತು. ಆಲಿವ್ ಎಣ್ಣೆಯ ಬದಲು ಒಳ್ಳೆಣ್ಣೆ ಬಂದಿತು. ಹಮ್ಮಸ್ ಸಿದ್ಧವಾಯಿತು. ಅಜ್ಜಿ ಬೆರಳಿನ ತುದಿಯಲ್ಲಿ ತೆಗೆದು ನಾಲಗೆಗೆ ಹಚ್ಚಿಕೊಂಡರು. “ಬಾಯಿಗೇನೋ ಸೊಗಸಾಗಿದೆ ಮಗಳೇ. ಆದರೆ ಮೂಗಿಗೆ ಸುದ್ದಿಯೇ ಮುಟ್ಟಲಿಲ್ಲ” ಎಂದು ಹಿತ್ತಿಲಿಗೆ ಹೋದರು. ಹಿಂದಿರುಗಿದಾಗ ಅವರ ಸೆರಗಿನಲ್ಲಿ ದಪ್ಪನೆಯ, ನವಿರು ರೋಮದ, ಅಂಚು ಕಚ್ಚುಕಚ್ಚಾದ ಎಲೆಗಳಿದ್ದವು. ಅದೇ ದೊಡ್ಡಪತ್ರೆ, ಕೆಲವೆಡೆ ಇದನ್ನೇ ಸಾಂಬ್ರಾಣಿ ಸೊಪ್ಪೆನ್ನುತ್ತಾರೆ. ಜೊತೆಗೆ ಎರಡು ಹಸಿಮೆಣಸಿನಕಾಯಿ. ಮಧ್ಯಾಹ್ನ ಬಿಸಿ ಅಕ್ಕಿರೊಟ್ಟಿಯೊಡನೆ ಅದನ್ನು ಬಡಿಸಿದಾಗ ಪಾತ್ರೆ ಬೇಗನೆ ಬರಿದಾಯಿತೆಂದು ಬೇರೆ ಹೇಳಬೇಕಾಗಿಲ್ಲ.

ಮನೆಯಲ್ಲಿ ಮಾಡಿನೋಡಬೇಕೆನ್ನುವ ಗೃಹಿಣಿಯರಿಗಾಗಿ ಆ ಕ್ರಮವನ್ನು ಇಲ್ಲಿ ಬರೆಯುತ್ತೇನೆ. ಗೃಹಸ್ಥರೂ ಓದಬಹುದು, ಅರೆಯುವ ಕೆಲಸಕ್ಕೆ ತೋಳಿನ ಬಲ ಬೇಕು.

ಕಾಬೂಲಿ ಕಡಲೆ ಒಂದು ಬಟ್ಟಲು, ಎಂದರೆ ಸುಮಾರು 200 ಗ್ರಾಂ. ಹತ್ತು ಹನ್ನೆರಡು ಗಂಟೆ ನೆನೆಯಬೇಕು. ಆ ನೀರನ್ನು ಚೆಲ್ಲಿ, ಹೊಸ ನೀರು ಹಾಕಿ, ಕಾಲು ಚಮಚ ಅಡುಗೆ ಸೋಡ ಸೇರಿಸಿ ಬೇಯಿಸಬೇಕು. ಸೋಡದಿಂದ ನೀರು ಕ್ಷಾರವಾಗಿ, ಕಾಳಿನ ಜೀವಕೋಶಗಳನ್ನು ಬೆಸೆದ ಅಂಟು ಬೇಗನೆ ಕರಗುತ್ತದೆ. ಗಡಸು ನೀರಿನ ಊರಿನವರಿಗಂತೂ ಇದು ಬಹಳ ಉಪಕಾರಿ. ಹುಳಿಯ ಗುಣ ಇದಕ್ಕೆ ವಿರುದ್ಧ. ಆದುದರಿಂದ ಬೇಯುವಾಗ ನಿಂಬೆಯನ್ನಾಗಲಿ ಹುಣಸೆಯನ್ನಾಗಲಿ ಹತ್ತಿರ ಸುಳಿಯಗೊಡಬಾರದು. ಎರಡು ಬೆರಳಿನ ನಡುವೆ ಒತ್ತಿದರೆ ಕಾಳು ಬೆಣ್ಣೆಯಂತೆ ಅಮುಕಬೇಕು, ಅಷ್ಟರವರೆಗೆ ಬೇಯಲಿ. ತಣ್ಣೀರಿನಲ್ಲಿ ಮೃದುವಾಗಿ ಉಜ್ಜಿದರೆ ಸಿಪ್ಪೆ ತೇಲಿಬರುತ್ತದೆ. ಅದನ್ನು ತೆಗೆದಷ್ಟೂ ಹಮ್ಮಸ್ ನುಣುಪು. ಬೇಯಿಸಿದ ನೀರನ್ನು ಒಂದು ಲೋಟದಷ್ಟು ಉಳಿಸಿಕೊಳ್ಳಿ.

ಬಿಳಿಯ ಎಳ್ಳು ಆರು ದೊಡ್ಡ ಚಮಚ. ಸಣ್ಣ ಉರಿಯಲ್ಲಿ ಪರಿಮಳ ಏಳುವಷ್ಟೇ ಹುರಿಯಬೇಕು. ಕೆಂಪಾದರೆ ಕಹಿ. ಆರಿದ ಮೇಲೆ ಎರಡು ಚಮಚ ಒಳ್ಳೆಣ್ಣೆಯೊಡನೆ ನುಣ್ಣಗೆ ಅರೆಯಿರಿ. ನಾಲ್ಕು ಎಸಳು ಬೆಳ್ಳುಳ್ಳಿಯನ್ನು ಜಜ್ಜಿ, ಎರಡು ನಿಂಬೆಹಣ್ಣಿನ ರಸದಲ್ಲಿ ಹತ್ತು ನಿಮಿಷ ಬಿಡಿ; ಹುಳಿಯಲ್ಲಿ ನೆನೆದ ಬೆಳ್ಳುಳ್ಳಿಯ ಘಾಟು ಅಡಗುತ್ತದೆ. ಆ ರಸವನ್ನೂ ಸ್ವಲ್ಪ ತಣ್ಣೀರನ್ನೂ ಎಳ್ಳಿಗೆ ಬೆರೆಸಿದರೆ ಮೊದಲು ಗಟ್ಟಿಯಾದಂತೆ ಕಂಡು, ಆಮೇಲೆ ಬೆಳ್ಳಗೆ ಹಗುರಾಗುತ್ತದೆ. ಗಾಬರಿಪಡಬೇಕಾದದ್ದಿಲ್ಲ.

ಇನ್ನು ಖಾರ, ಕಂಪುಗಳ ಮಾತು. ಒಂದು ಚಮಚ ಒಳ್ಳೆಣ್ಣೆಯಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ಹಾಕಿ, ಅವು ಸಿಡಿದ ಮೇಲೆ ಎರಡು ಹಸಿಮೆಣಸಿನಕಾಯಿ, ಎಂಟು ಹತ್ತು ದೊಡ್ಡಪತ್ರೆ ಎಲೆ ಹಾಕಿ ಬಾಡಿಸಿ. ಹಸಿ ಎಲೆಯ ಒಗರು ಬಾಡಿದಾಗ ಹೋಗುತ್ತದೆ. ಸೂಜಿಮೆಣಸು ಇದ್ದವರು ಒಂದೇ ಒಂದು ಹಾಕಿ ನೋಡಿ. ಎರಡನೆಯದನ್ನು ಹಾಕುವ ಮುನ್ನ ಯೋಚಿಸಿ. ಕೊನೆಗೆ ಕಡಲೆ, ಎಳ್ಳು, ಬಾಡಿಸಿದ ಸೊಪ್ಪು, ಒಂದು ಹಿಡಿ ಕೊತ್ತಂಬರಿ, ಉಪ್ಪು ಎಲ್ಲವನ್ನೂ ಕೂಡಿಸಿ, ಉಳಿಸಿದ ನೀರನ್ನು ಬೇಕಾದಷ್ಟು ಚಿಮುಕಿಸುತ್ತ ಅರೆಯಿರಿ. ತಟ್ಟೆಯಲ್ಲಿ ಹರವಿ, ನಡುವೆ ಗುಳಿ ಮಾಡಿ ಎಣ್ಣೆ ಬಿಟ್ಟು, ಬ್ಯಾಡಗಿ ಮೆಣಸಿನಕಾಯಿಯ ತರಿಯನ್ನು ಉದುರಿಸಿದರೆ ಹಸುರಿನ ಮೇಲೆ ಕೆಂಪು ಶೋಭಿಸುತ್ತದೆ. ಅಕ್ಕಿರೊಟ್ಟಿ, ಜೋಳದ ರೊಟ್ಟಿ, ಚಪಾತಿ ಯಾವುದಕ್ಕಾದರೂ ಸರಿ. ಶೀತಪೆಟ್ಟಿಗೆಯಲ್ಲಿ ಮೂರು ದಿನ ಕೆಡದು.

ಸೊಪ್ಪು ಹಾಕಿದರೆ ಅದು ಹಮ್ಮಸ್ಸೇ ಅಲ್ಲವೆಂದು ಆಕ್ಷೇಪಿಸುವ ಪಂಡಿತರಿಗೆ ಒಂದು ಮಾತು. ಹದಿನಾಲ್ಕನೆಯ ಶತಮಾನದ ಕೈರೋ ನಗರದ ಒಂದು ಪಾಕಗ್ರಂಥದಲ್ಲಿ, ಅರೆದ ಕಡಲೆಗೆ ಹುಳಿ, ಉಪ್ಪಿನಲ್ಲಿಟ್ಟ ನಿಂಬೆ, ಮಸಾಲೆ, ಎಣ್ಣೆಗಳೊಡನೆ ಪರಿಮಳದ ಸೊಪ್ಪುಗಳನ್ನೂ ಸೇರಿಸುವ ಕ್ರಮವಿದೆ. ಆ ಪಾಕದಲ್ಲಿ ಎಳ್ಳೂ ಇಲ್ಲ, ಬೆಳ್ಳುಳ್ಳಿಯೂ ಇಲ್ಲ. ಸೊಪ್ಪು ಮಾತ್ರ ಇದೆ!

ಇದಕ್ಕಿಂತ ಆಶ್ಚರ್ಯದ ಸಂಗತಿ ಇನ್ನೊಂದಿದೆ. ಸಿರಿಯಾ, ಲೆಬನಾನ್, ಪ್ಯಾಲೆಸ್ಟೈನಿನ ಗುಡ್ಡಗಳಲ್ಲಿ ಝಾತರ್ ಎಂಬ ಗಿಡ ಬೆಳೆಯುತ್ತದೆ. ಅಲ್ಲಿಯ ಜನಕ್ಕೆ ಅದರ ಮೇಲೆ ಪ್ರಾಣ. ಅದರ ಕಂಪಿಗೆ ಕಾರಣವಾದ ಮುಖ್ಯ ತೈಲಾಂಶಗಳಿಗೆ ರಸಾಯನಶಾಸ್ತ್ರಜ್ಞರು ಕಾರ್ವಕ್ರಾಲ್, ಥೈಮಾಲ್ ಎಂದು ಹೆಸರಿಟ್ಟಿದ್ದಾರೆ. ನಮ್ಮ ದೊಡ್ಡಪತ್ರೆಯ ಎಲೆಯನ್ನು ಹಿಸುಕಿದಾಗ ಮೂಗಿಗೆ ಬರುವುದೂ ಇವೇ ದ್ರವ್ಯಗಳು. ಓಮದ ಕಾಳಿನ ಘಾಟಿಗೂ ಥೈಮಾಲೇ ಕಾರಣ. ಗಿಡಗಳು ಬೇರೆ, ದೇಶಗಳು ಬೇರೆ, ಕಂಪು ಒಂದೇ ವಂಶದ್ದು. ಝಾತರಿನ ಹೆಸರನ್ನೇ ಕೇಳದ ಅಜ್ಜಿಯ ಮೂಗು ಸಾವಿರಾರು ಮೈಲು ದೂರದ ರುಚಿಯ ಕೊರತೆಯನ್ನು ಗುರುತಿಸಿ, ಸರಿಯಾದ ಎಲೆಯನ್ನೇ ಹುಡುಕಿ ತಂದಿತು. ಇದನ್ನು ವಿದ್ಯೆಯೆನ್ನದೆ ಮತ್ತೇನೆನ್ನೋಣ?

ಈ ವಿದ್ಯೆ ಎಲ್ಲಿ ಕಲಿಸಲ್ಪಡುತ್ತಿತ್ತು? ಬಚ್ಚಲ ಹಿಂದೆ. ಈ ಕಡೆಯ ಹಳೆಯ ಮನೆಗಳಲ್ಲಿ ಬಚ್ಚಲಿನ ನೀರು ತೆರೆದ ಕಾಲುವೆಯಲ್ಲಿ ಹಿತ್ತಿಲಿಗೆ ಹರಿಯುತ್ತಿತ್ತು. ಆ ತೇವದಲ್ಲಿ ಬಾಳೆ, ಕೆಸು, ಒಂದೆಲಗ, ಅದರ ಅಂಚಿನಲ್ಲಿ ದೊಡ್ಡಪತ್ರೆ ಯಾರ ಆರೈಕೆಯೂ ಇಲ್ಲದೆ ಬೆಳೆಯುತ್ತಿದ್ದವು. ಒಲೆಯ ಮೇಲೆ ಎಸರಿಟ್ಟು, “ಹೋಗಿ ಹತ್ತು ಎಲೆ ಕೊಯ್ದು ತಾರೇ” ಎಂದು ಹಿರಿಯರು ಹೇಳಿದಾಗ, ಮಕ್ಕಳು ತಪ್ಪು ಎಲೆ ತಂದು ಬೈಸಿಕೊಂಡು, ಸರಿಯಾದದ್ದನ್ನು ಮೂಸಿ ಕಲಿಯುತ್ತಿದ್ದರು. ಈಗ ಹೊಸ ಮನೆಗಳಲ್ಲಿ ನೀರು ಕೊಳವೆಯೊಳಗೆ ಹರಿದು ಗುಂಡಿ ಸೇರುತ್ತದೆ. ಆರೋಗ್ಯದ ದೃಷ್ಟಿಯಿಂದ ಅದು ಒಳ್ಳೆಯದೇ. ಅಂಗಳಕ್ಕೂ ಹಿತ್ತಿಲಿಗೂ ಸಿಮೆಂಟು ಬಿದ್ದಿದೆ. ಉಳಿದ ನೆಲದಲ್ಲಿ ಅಡಕೆಯ ಸಸಿ ಗೋಡೆಯವರೆಗೂ ಬಂದಿದೆ. ಅದನ್ನೂ ದೂರುವಂತಿಲ್ಲ, ಹೊಟ್ಟೆಪಾಡಿನ ಪ್ರಶ್ನೆ. ಆದರೆ ಈ ಎರಡು ಒಳ್ಳೆಯದರ ನಡುವೆ ಒಂದು ಪಾಠಶಾಲೆ ಸದ್ದಿಲ್ಲದೆ ಮುಚ್ಚಿಹೋಗುತ್ತಿದೆ. ಅಜ್ಜಿಗೆ ಹಿತ್ತಿಲಿನ ಎಲೆಗಳೆಲ್ಲ ಕತ್ತಲಲ್ಲಿಯೂ ಗುರುತು, ಸೊಸೆಗೆ ಏಳೆಂಟು, ಮೊಮ್ಮಗಳಿಗೆ ಆ ದಿನ ಒಂದನ್ನು ಸೇರಿಸಿ ಮೂರು.

ಅಡುಗೆಯ ಪುಸ್ತಕಗಳು ಕಳೆದರೆ ಮತ್ತೆ ಅಚ್ಚು ಹಾಕಿಸಬಹುದು. ಮೂಗು ಕಲಿತದ್ದನ್ನು ಅಚ್ಚು ಹಾಕುವ ಮುದ್ರಣಾಲಯವಿಲ್ಲ. ಪುಣ್ಯಕ್ಕೆ ದೊಡ್ಡಪತ್ರೆ ಉದಾರ ಸ್ವಭಾವದ ಗಿಡ. ಬೀಜ ಬೇಡ, ಗೊಬ್ಬರ ಬೇಡ. ಗೇಣುದ್ದದ ಒಂದು ಕಡ್ಡಿಯನ್ನು ಮುರಿದು, ಕೆಳಗಿನ ಎಲೆಗಳನ್ನು ತೆಗೆದು, ಮಣ್ಣಿನಲ್ಲಿ ಊರಿದರೆ ಎರಡು ಮೂರು ವಾರಗಳಲ್ಲಿ ಬೇರು ಬಿಡುತ್ತದೆ. ಅರ್ಧ ದಿನದ ಬಿಸಿಲು, ನೀರು ನಿಲ್ಲದ ಮಣ್ಣು ಇಷ್ಟಿದ್ದರೆ ಬೆಂಗಳೂರಿನ ನಾಲ್ಕನೆಯ ಮಹಡಿಯ ಬಾಲ್ಕನಿಯೂ ಅದಕ್ಕೆ ಹಿತ್ತಿಲೇ.

ಶಿಕಾರಿಪುರ, ಸೊರಬದ ಕಡೆ ಹೋಗುವವರು ಬಳ್ಳಿಗಾವೆಯ ಶಿಲ್ಪವನ್ನು ನೋಡಲಿ, ಅಂಬ್ಲಿಗೊಳದ ಏರಿಯ ಮೇಲೆ ಸಂಜೆಯ ಗಾಳಿ ಸೇವಿಸಲಿ. ಹೊರಡುವ ಮುನ್ನ ಮಾತ್ರ ಉಳಿದುಕೊಂಡ ಮನೆಯ ಹಿರಿಯರನ್ನು ಕೇಳಿ ಒಂದು ಕಡ್ಡಿ ದೊಡ್ಡಪತ್ರೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತರುವುದನ್ನು ಮರೆಯದಿರಲಿ. ಅದನ್ನು ಕುಂಡದಲ್ಲಿ ಊರುವ ಕೆಲಸ ಮಾತ್ರ ಮನೆಯ ಮಕ್ಕಳದಾಗಲಿ.