ನೂರರ ನೋಟು ಮತ್ತು ಅರ್ಧ ದಿನದ ಕಡಲು

ಇಪ್ಪತ್ತೆರಡು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಪರರ ಹಣ ಎಣಿಸಿದ ನನ್ನಂಥ ಗುಮಾಸ್ತನಿಗೆ ಕೆರಿಬಿಯನ್ ಕಡಲಿನಲ್ಲಿ ಈಜುವ ಯೋಗ ಬಂತೆಂದರೆ ನಮ್ಮ ಊರಿನವರು ನಗುತ್ತಾರೆ. ಅನುಮಾನ ಪಡುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಖರ್ಚಿನ ಮುಕ್ಕಾಲು ಪಾಲು ನನ್ನ ಭಾವನದು. ಕಾಸರಗೋಡಿನ ಕಡಲ ಕರೆಯ ಎಷ್ಟೋ ಮನೆಗಳಂತೆ ನಮ್ಮಲ್ಲೂ ಒಬ್ಬ ಹಡಗು ಹತ್ತಿದವನಿದ್ದಾನೆ. ಪ್ರವಾಸಿ ಹಡಗಿನ ಅಡುಗೆಮನೆಯಲ್ಲಿ ಅವನಿಗೆ ಕೆಲಸ. ನೌಕರರ ಮನೆಯವರಿಗೆ ಕಡಿಮೆ ದರದಲ್ಲಿ ಕೋಣೆ ಸಿಗುತ್ತದೆ ಎಂದು ಒತ್ತಾಯ ಮಾಡಿದ. 2023ರ ಡಿಸೆಂಬರಿನಲ್ಲಿ ನಾನು, ಹೆಂಡತಿ, ಒಂಬತ್ತನೆಯ ತರಗತಿಯ ಮಗಳು, ಮೂವರೂ ಹೊರಟೆವು.

ಹಡಗು ಒಂದು ಬೆಳಗ್ಗೆ ಸೇಂಟ್ ಲೂಸಿಯಾ ದ್ವೀಪದ ರಾಜಧಾನಿ ಕ್ಯಾಸ್ಟ್ರೀಸಿನಲ್ಲಿ ನಿಂತಿತು. ಸಂಜೆ ಐದಕ್ಕೆ ಮತ್ತೆ ಹೊರಡುವುದು. ಹಡಗಿನವರೇ ಏರ್ಪಡಿಸಿದ ಪ್ರವಾಸಕ್ಕೆ ನಲವತ್ತು ಜನರ ಗುಂಪು, ದರವೂ ಜಾಸ್ತಿ. ಭಾವ ಮೊದಲೇ ಮಾತಾಡಿಟ್ಟಿದ್ದ ಒಬ್ಬ ದೋಣಿಯವನು ನಮಗಾಗಿ ಕಾದಿದ್ದ. ಅರ್ಧ ದಿನಕ್ಕೆ ದೋಣಿ ನಮ್ಮ ಮೂವರದೇ. ಊರು ನೋಡುವುದು, ಕಡಲಿನಲ್ಲಿ ಒಂದು ಗಂಟೆ ಈಜುವುದು, ಮಧ್ಯಾಹ್ನಕ್ಕೆ ವಾಪಸು. ಭಾವನಿಗೆ ಮಾತ್ರ ರಜೆಯಿಲ್ಲ. ಬೇರೆಯವರಿಗೆ ಅಡುಗೆ ಮಾಡುವವನಿಗೆ ಕಡಲು ನೋಡಲು ಪುರುಸೊತ್ತೆಲ್ಲಿ?

ಗುಮಾಸ್ತನ ಚಾಳಿ ಬಿಡುತ್ತದೆಯೇ? ಬಂದರಿನಲ್ಲಿ ಮೊದಲು ನೋಡಿದ್ದು ಅಲ್ಲಿನ ನೋಟು. ಪೂರ್ವ ಕೆರಿಬಿಯನ್ ಡಾಲರ್ ಎಂದು ಅದರ ಹೆಸರು. ಎಂಟು ಸಣ್ಣ ನಾಡುಗಳಿಗೆ ಒಂದೇ ನಾಣ್ಯ, ಒಂದೇ ಕೇಂದ್ರ ಬ್ಯಾಂಕು. ಅಮೆರಿಕದ ಒಂದು ಡಾಲರಿಗೆ 2.70ರಂತೆ 1976ರಿಂದ ಬೆಲೆ ಅಲುಗಿಲ್ಲ. ನೂರರ ನೋಟಿನಲ್ಲಿ ಆರ್ಥರ್ ಲೂಯಿಸ್ ಅವರ ಚಿತ್ರವಿದೆ. ಇದೇ ದ್ವೀಪದ ಮಗ, 1979ರಲ್ಲಿ ಅರ್ಥಶಾಸ್ತ್ರಕ್ಕೆ ನೊಬೆಲ್ ಪಡೆದವರು. 1992ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಡೆರೆಕ್ ವಾಲ್ಕಾಟರು ಹುಟ್ಟಿದ್ದೂ ಕ್ಯಾಸ್ಟ್ರೀಸಿನಲ್ಲೇ. ನಮ್ಮ ಕಾಸರಗೋಡು ಜಿಲ್ಲೆಯ ಮೂರರಲ್ಲೊಂದು ಪಾಲೂ ಇಲ್ಲದ ನೆಲ, ಎರಡು ಲಕ್ಷ ತುಂಬದ ಜನ, ಎರಡು ನೊಬೆಲ್!

ದೋಣಿ ಪಶ್ಚಿಮದ ಕರೆ ಹಿಡಿದು ದಕ್ಷಿಣಕ್ಕೆ ಸಾಗಿತು. ತೆಂಗು, ಬಾಳೆ, ಹಲಸಿನ ಸೋದರನಂಥ ದೀವಿ ಹಲಸು. ಕಣ್ಣು ಅರ್ಧ ಮುಚ್ಚಿದರೆ ಬೇಕಲದ ಕಡೆಯೇ ಎನ್ನಬೇಕು. ದಾರಿಯಲ್ಲಿ ಮಾರಿಗೊ ಎಂಬ ಕೊಲ್ಲಿ. ಹೊರಗಿನಿಂದ ನೋಡಿದರೆ ಅಲ್ಲೊಂದು ಬಂದರಿದೆ ಎಂದೇ ತಿಳಿಯದು. ಹಿಂದೆ ಇಂಗ್ಲಿಷರ ಹಡಗುಗಳು ಕೂವೆಗಳಿಗೆ ತೆಂಗಿನ ಗರಿ ಕಟ್ಟಿಕೊಂಡು ಫ್ರೆಂಚರಿಂದ ಇಲ್ಲಿ ಅಡಗಿದ್ದವೆಂದು ಐತಿಹ್ಯ. ಈ ದ್ವೀಪ ಫ್ರೆಂಚರ ಮತ್ತು ಇಂಗ್ಲಿಷರ ನಡುವೆ ಹದಿನಾಲ್ಕು ಬಾರಿ ಕೈ ಬದಲಾಯಿಸಿತೆಂದು ಹೇಳುತ್ತಾರೆ. 1814ರಲ್ಲಿ ಇಂಗ್ಲಿಷರ ಪಾಲಾಯಿತು, 1979ರ ಫೆಬ್ರವರಿ 22ರಂದು ಸ್ವತಂತ್ರವಾಯಿತು. 1956ರಲ್ಲಿ ಒಂದೇ ಒಂದು ಸಲ ಕೈ ಬದಲಾದ ನಾವು ಇಂದಿಗೂ ಅದನ್ನೇ ಮಾತಾಡುತ್ತೇವಲ್ಲ ಎಂದು ನನ್ನೊಳಗೇ ನಕ್ಕೆ.

ದೋಣಿಯವನು ನಮ್ಮೊಡನೆ ಇಂಗ್ಲಿಷ್ ಮಾತಾಡುತ್ತಿದ್ದ. ಎದುರಿಗೆ ಬಂದ ಮೀನುಗಾರರನ್ನು ಕಂಡ ಕೂಡಲೇ ಬೇರೆಯೇ ಮಾತು. ‘ಸಾ ಕಾ ಫೆತ್’ ಎಂದು ಕೂಗಿದ. ಏನು ಸಮಾಚಾರ ಎಂದರ್ಥ. ಅದು ಕ್ವೆಯೋಲ್. ಗುಲಾಮರಾಗಿ ಬಂದ ಆಫ್ರಿಕದವರು ಒಡೆಯರ ಫ್ರೆಂಚ್ ಪದಗಳನ್ನು ತಮ್ಮ ರೀತಿಯಲ್ಲಿ ಕಟ್ಟಿಕೊಂಡ ಮಾತು. ನೀರಿಗೆ ‘ದ್ಲೋ’, ಕಡಲಿಗೆ ‘ಲಾನ್ಮೆ’. ಅವನ ಅಜ್ಜಿಯ ಕಾಲದಲ್ಲಿ ಶಾಲೆಯಲ್ಲಿ ಈ ಮಾತಾಡಿದರೆ ಪೆಟ್ಟು ಬೀಳುತ್ತಿತ್ತಂತೆ. ಆದರೂ ಮನೆಯಲ್ಲಿ, ಸಂತೆಯಲ್ಲಿ, ದೋಣಿಯಲ್ಲಿ ಜನ ಬಿಡಲಿಲ್ಲ. ಈಗ ಅಕ್ಟೋಬರಿನ ಕೊನೆಯ ಭಾನುವಾರ ಅದಕ್ಕೊಂದು ಹಬ್ಬವನ್ನೇ ಮಾಡುತ್ತಾರೆ.

ಸೂಫ್ರಿಯೇರ್ ಪೇಟೆಯಲ್ಲಿ ಇಳಿದು ಅವನ ನೆಂಟನ ಕಾರಿನಲ್ಲಿ ಗಂಧಕದ ಬುಗ್ಗೆಗಳಿಗೆ ಹೋದೆವು. ಹಳೆಯ ಜ್ವಾಲಾಮುಖಿಯ ಬಾಯಿ ಅದು. ಬೂದು ಕೆಸರು ಕುದಿಯುತ್ತದೆ, ಹಬೆ ಏಳುತ್ತದೆ, ಕೊಳೆತ ಮೊಟ್ಟೆಯ ನಾತ. ಹೆಂಡತಿ ಸೆರಗು ಮೂಗಿಗೆ ಹಿಡಿದು, ‘ದುಡ್ಡು ಕೊಟ್ಟು ಈ ನಾತಕ್ಕೆ ಬರಬೇಕಿತ್ತಾ ಮಾರಾಯ್ರೆ’ ಎಂದಳು. ಕೆಳಗಿನ ಬೆಚ್ಚನೆಯ ಕೊಳದ ಬಳಿ ಜನ ಆ ಕೆಸರನ್ನೇ ಮೈಗೆ ಬಳಿದುಕೊಂಡು ಭೂತಗಳಂತೆ ನಿಂತಿದ್ದರು.

ಅಲ್ಲಿಂದ ಈಜಲು. ಪಿಟೋನ್ ಎಂಬ ಎರಡು ಚೂಪು ಬೆಟ್ಟಗಳು ಕಡಲಿನಿಂದ ನೇರ ಎದ್ದು ನಿಂತಿವೆ. ಆ ನಾಡಿನ ಬಾವುಟದಲ್ಲಿರುವುದೂ ಅವೇ. 2004ರಲ್ಲಿ ಯುನೆಸ್ಕೊ ಅವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸಣ್ಣ ಪಿಟೋನಿನ ಬುಡದಲ್ಲಿ ದೋಣಿ ನಿಲ್ಲಿಸಿದ. ನೀರು ಎಷ್ಟು ತಿಳಿ ಎಂದರೆ ನಮ್ಮ ದೋಣಿಯ ನೆರಳು ತಳದ ಮೇಲೆ ಬಿದ್ದಿತ್ತು, ಅದರ ನಡುವೆ ಹಳದಿ ಮೀನುಗಳು. ನಾನು ದೇವಸ್ಥಾನದ ಕೆರೆಯಲ್ಲಿ ಈಜು ಕಲಿತವನು. ಕಡಲಿಗೆ ಮೊಣಕಾಲಿಗಿಂತ ಹೆಚ್ಚು ಇಳಿದವನಲ್ಲ. ಆದರೂ ಉಮೇದಿನಲ್ಲಿ ಇಳಿದೆ. ಹತ್ತು ಮಾರು ಹೋಗಿ ಕೆಳಗೆ ನೋಡುತ್ತೇನೆ, ತಳವಿಲ್ಲ! ಬೆಟ್ಟ ಮೇಲಕ್ಕೆ ಎಷ್ಟು ಕಡಿದೋ ಕೆಳಕ್ಕೂ ಅಷ್ಟೇ ಕಡಿದು. ಬರೀ ಕಡುನೀಲಿ. ಎದೆ ಝಲ್ಲೆಂದಿತು, ಕೈಕಾಲು ಬಡಿದೆ, ಉಪ್ಪುನೀರು ಮೂಗಿಗೆ ಹೋಯಿತು, ‘ಅಯ್ಯೋ ಅಮ್ಮಾ’ ಎಂದು ಕಿರುಚಿದೆ.

ಮಗಳು ಹತ್ತಿರ ಬಂದಳು. ನನ್ನ ಬೆನ್ನಿನ ಕೆಳಗೆ ಅಂಗೈ ಕೊಟ್ಟು, ‘ಅಪ್ಪಾ, ಕೈಕಾಲು ಬಿಡು. ಆಕಾಶ ನೋಡು. ನೀರೇ ಹೊರುತ್ತದೆ’ ಎಂದಳು. ಅವಳ ಆರನೆಯ ವಯಸ್ಸಿನಲ್ಲಿ ಅದೇ ಕೆರೆಯಲ್ಲಿ ನಾನು ಅವಳಿಗೆ ಹೇಳಿದ ಮಾತುಗಳು, ಒಂದಕ್ಷರ ಬಿಡದೆ. ನಾನು ಆಕಾಶ ನೋಡಿದೆ. ನೀರು ಹೊತ್ತಿತು.

ದೋಣಿ ಹತ್ತಿ ಉಸಿರು ಸುಧಾರಿಸಿಕೊಳ್ಳುವಾಗ ದೋಣಿಯವನು ಕೇಳಿದ, ‘ನೀವು ಕೂಗಿದ್ದು ಯಾವ ಭಾಷೆ?’ ಕನ್ನಡ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ತಾಯಿಯ ಕಡೆಯ ಹಿರಿಯರೂ ಭಾರತದಿಂದ ಬಂದವರು ಎಂದ. ಗುಲಾಮಗಿರಿ ರದ್ದಾದ ಮೇಲೆ ಕಬ್ಬಿನ ತೋಟಗಳಿಗೆ ಆಳುಗಳು ಬೇಕಾಗಿ, 1859ರಿಂದ ಕಲ್ಕತ್ತೆಯ ಕಡೆಯಿಂದ ಕರಾರು ಕೂಲಿಗಳನ್ನು ಈ ದ್ವೀಪಕ್ಕೆ ತಂದಿದ್ದರು. ಅವರ ಭಾಷೆ ಯಾವುದೆಂದು ಕೇಳಿದೆ. ಅವನಿಗೆ ಗೊತ್ತಿಲ್ಲ. ರೊಟ್ಟಿ ಎಂಬ ಪದ ಉಳಿದಿದೆ, ಬೇಳೆ ಸಾರು ಉಳಿದಿದೆ. ಮಾತು ಉಳಿದಿಲ್ಲ.

ನಾನು ಪರ್ಸಿನಿಂದ ನಮ್ಮ ನೂರರ ನೋಟು ತೆಗೆದು ತೋರಿಸಿದೆ. ಹಿಂಬದಿಯಲ್ಲಿ ಸಣ್ಣ ಅಕ್ಷರದ ಪಟ್ಟಿಯಿದೆಯಲ್ಲ, ಹದಿನೈದು ಭಾಷೆ. ಅವನು ಬೆರಳಿಟ್ಟು, ‘ಇದರಲ್ಲಿ ನನ್ನ ಅಜ್ಜಿಯದು ಯಾವುದು?’ ಎಂದ. ಆ ಕಡೆಯಿಂದ ಬಂದವರಲ್ಲಿ ಹೆಚ್ಚಿನವರ ಮಾತು ಭೋಜಪುರಿ. ಅದು ಆ ಪಟ್ಟಿಯಲ್ಲಿಲ್ಲ. ಹೇಗೆ ಹೇಳಲಿ? ಹೇಳಿದೆ. ‘ಹಾಗಾದರೆ ನಿಮ್ಮದು?’ ಎಂದು ಮಗಳ ಕಡೆ ನೋಟು ಚಾಚಿದ.

ಮಗಳು ಮಲಯಾಳದ ಸಾಲನ್ನು ತಟ್ಟನೆ ತೋರಿಸಿದಳು. ಕನ್ನಡಕ್ಕೆ ಬೆರಳು ಮೇಲೆ ಕೆಳಗೆ ಹೋಯಿತು. ಕೊನೆಗೆ ತೆಲುಗಿನ ಸಾಲಿನ ಮೇಲೆ ನಿಂತಿತು.

ನಾನೇ ಬೆರಳು ಹಿಡಿದು ನಾಲ್ಕನೆಯ ಸಾಲಿಗೆ ತಂದೆ. ಅವಳು ನಾಚಿ ನಕ್ಕಳು. ನನಗೆ ನಗು ಬರಲಿಲ್ಲ. ದಿನವೂ ಆ ಸಾಲನ್ನು ಸಾವಿರ ಸಲ ಎಣಿಸಿ ದಾಟಿಸುವವನು ನಾನು. ಅವಳನ್ನು ಕನ್ನಡ ಶಾಲೆಗೆ ಬೇಡ, ಇಂಗ್ಲಿಷಿಗೆ ಸೇರಿಸೋಣ, ಎರಡನೆಯ ಭಾಷೆ ಮಲಯಾಳವಿದ್ದರೆ ನಾಳೆ ಸರಕಾರಿ ಕೆಲಸಕ್ಕೆ ಅನುಕೂಲ ಎಂದು ಅರ್ಜಿಗೆ ಸಹಿ ಹಾಕಿದವನೂ ನಾನೇ. ಯಾವ ಸರಕಾರವೂ ನನ್ನ ಕೈ ಹಿಡಿದು ಬರೆಸಿರಲಿಲ್ಲ. ಮಲಯಾಳ ಕಲಿತದ್ದರಲ್ಲಿ ತಪ್ಪಿಲ್ಲ. ಆ ಭಾಷೆಯ ಅನ್ನ ನಾನೂ ಉಂಡಿದ್ದೇನೆ, ನನ್ನ ಒಳ್ಳೆಯ ಗೆಳೆಯರು ಆ ಭಾಷೆಯವರು. ಆದರೆ ಒಂದನ್ನು ಕಲಿಸಲು ಇನ್ನೊಂದನ್ನು ಬಿಡಿಸಬೇಕಾಗಿರಲಿಲ್ಲ. ಕನ್ನಡ ಮಾಸ್ತರರಾಗಿದ್ದ ನನ್ನ ತಂದೆಯ ದಿನಚರಿ ಪುಸ್ತಕಗಳು ಪೆಟ್ಟಿಗೆಯಲ್ಲಿವೆ. ನನ್ನ ನಂತರ ಅವನ್ನು ಓದುವವರು ಮನೆಯಲ್ಲಿಲ್ಲ.

ವಾಪಸು ಬರುವಾಗ ದೋಣಿಯವನು ಫೋನಿನಲ್ಲಿ ತನ್ನ ಮಗನೊಡನೆ ಕ್ವೆಯೋಲಿನಲ್ಲಿ ಜಗಳವಾಡುತ್ತಿದ್ದ. ಏನೆಂದು ತಿಳಿಯಲಿಲ್ಲ, ಆದರೆ ಕೇಳಲು ಹಿತವಾಗಿತ್ತು. ಒಬ್ಬನೇ ಮನುಷ್ಯ. ಅವನ ಹಿರಿಯರ ಎರಡು ಮಾತುಗಳಲ್ಲಿ ಒಂದು ಪೆಟ್ಟು ತಿಂದೂ ಬದುಕಿದೆ. ಇನ್ನೊಂದು ಯಾರ ಗಮನಕ್ಕೂ ಬಾರದೆ ಸತ್ತಿದೆ.

ಇಳಿಯುವಾಗ ಆ ನೂರರ ನೋಟನ್ನು ಅವನಿಗೇ ಕೊಟ್ಟೆ. ಅಲ್ಲಿ ಅದಕ್ಕೆ ಬೆಲೆಯಿಲ್ಲ. ತಾಯಿಗೆ ತೋರಿಸುತ್ತೇನೆಂದು ಮಡಚಿ ಕಿಸೆಯಲ್ಲಿಟ್ಟುಕೊಂಡ.

ಊರಿಗೆ ಬಂದ ಮೇಲೆ ದಿನಕ್ಕೆ ಅರ್ಧ ಗಂಟೆ ಮಗಳೊಡನೆ ಕುಳಿತುಕೊಳ್ಳುತ್ತೇನೆ. ಮೊದಲ ವಾರ ಅವಳಿಗೆ ಬೇಸರ, ಎರಡನೆಯ ವಾರ ನನಗೆ. ಒತ್ತಕ್ಷರದಲ್ಲಿ ಇಬ್ಬರೂ ಮುಳುಗುತ್ತೇವೆ. ಆಗ ಅವಳದೇ ಮಾತನ್ನು ಅವಳಿಗೆ ಹೇಳುತ್ತೇನೆ, ಕೈಕಾಲು ಬಿಡು ಎಂದು. ಅಜ್ಜನ ದಿನಚರಿಯ ಮೊದಲ ಪುಟ ಮುಗಿದಿದೆ. ಅದರಲ್ಲಿ ಇರುವುದು ಅಡಿಕೆಯ ಧಾರಣೆ ಮತ್ತು ಮಳೆಯ ಲೆಕ್ಕ ಮಾತ್ರ. ‘ಇಷ್ಟಕ್ಕೆ ಇಷ್ಟು ಕಷ್ಟಪಡಬೇಕಿತ್ತಾ’ ಎಂದಳು. ಆದರೆ ಮರುದಿನ ನಾನು ಬ್ಯಾಂಕಿನಿಂದ ಬರುವಾಗ ಎರಡನೆಯ ಪುಟ ತೆರೆದಿತ್ತು.