ಕಂಡಿತಂತೆ, ಗುಲಾಬಿ ತಲೆಯ ಬಾತು

ಗುಲಾಬಿ ತಲೆಯ ಬಾತು ಬದುಕಿದ್ದಾಗ ತೆಗೆದ ಫೋಟೊಗಳು ತೀರ ಕಡಿಮೆ. ಇರುವವೂ ಕಪ್ಪು ಬಿಳುಪಿನವು. 1920ರ ದಶಕದಲ್ಲಿ ಇಂಗ್ಲೆಂಡಿನ ಸರ್ರೆಯ ಫಾಕ್ಸ್‌ವಾರನ್ ಪಾರ್ಕಿನಲ್ಲಿ ಆಲ್ಫ್ರೆಡ್ ಎಜ್ರಾ ಸಾಕಿದ್ದ ಹಕ್ಕಿಗಳು ಅವು. ನೀಳ ಕತ್ತು, ನೆಟ್ಟಗೆ ಎತ್ತಿದ ತಲೆ, ಕಂದುಗಪ್ಪು ಮೈ. ತಲೆಯೂ ಕತ್ತಿನ ಹಿಂಭಾಗವೂ ಮಾಸಿದ ಬಿಳಿಯಾಗಿ ಕಾಣುತ್ತವೆ. ಯಾವ ಬಣ್ಣದ ಆಸೆಗೆ ಜನ ಅದನ್ನು ಹುಡುಕಿ ಹುಡುಕಿ ಹೊಡೆದರೋ, ಹಿಡಿದು ಮಾರಿದರೋ, ಆ ಬಣ್ಣವೊಂದು ಚಿತ್ರದಲ್ಲಿಲ್ಲ. ಆ ಪಾರ್ಕಿಗೆ ಹೋದ ಹಕ್ಕಿಗಳು ಮರಿ ಮಾಡಲೂ ಇಲ್ಲ.

ಗಂಗೆಯ ಉತ್ತರಕ್ಕೆ ಬಿಹಾರದ ಪೂರ್ಣಿಯಾ, ದರ್ಭಂಗಾ, ಅಲ್ಲಿಂದ ಬಂಗಾಳ, ಅಸ್ಸಾಮಿನವರೆಗೆ ಹಬ್ಬಿದ್ದ ಜೌಗು ಇದರ ಮನೆ. ಆನೆ ಹೊಕ್ಕರೂ ಕಾಣದಷ್ಟು ಎತ್ತರದ ಹುಲ್ಲು, ನಡುವೆ ನಿಂತ ನೀರು. ಬಂಗಾಳದವರು ಸಕ್ನಾಲ್ ಎನ್ನುತ್ತಿದ್ದರು, ತಿರ್ಹುತ್ ಕಡೆಯವರು ಉಮರ್ ಎನ್ನುತ್ತಿದ್ದರು. ಆ ಹುಲ್ಲಿನ ಬುಡದಲ್ಲಿ ಗೂಡು, ಗೂಡಿನಲ್ಲಿ ದಂತದ ಬಣ್ಣದ ಮೊಟ್ಟೆ. ಬೇರೆ ಬಾತುಗಳ ಮೊಟ್ಟೆಯಂತೆ ನೀಳವಲ್ಲ, ಗೋಲಿಯ ಹಾಗೆ ಗುಂಡಗೆ. ಆಗಲೂ ಇದು ಅಪರೂಪದ ಹಕ್ಕಿಯೇ. ಬೇಟೆಗೆ ಹೋದ ಸಾಹೇಬರಿಗೆ ಒಂದು ಸಿಕ್ಕರೆ ಹೆಚ್ಚು. ಕಲ್ಕತ್ತೆಯ ಹಕ್ಕಿ ಬಜಾರಿಗೆ ಆಗೊಮ್ಮೆ ಈಗೊಮ್ಮೆ ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಹುಲ್ಲು ಕಡಿದು ನೀರು ಬಸಿದು ಹೊಲ ಮಾಡಿದ ಮೇಲೆ ಹಕ್ಕಿಗೆ ಹೋಗಲು ಜಾಗ ಇರಲಿಲ್ಲ. 1935ರಲ್ಲಿ ದರ್ಭಂಗಾದ ಕಡೆ ಒಂದನ್ನು ಹೊಡೆದರು. 1949ರ ಈಚೆಗೆ ಎಲ್ಲರೂ ಒಪ್ಪುವಂಥ ದಾಖಲೆ ಒಂದೂ ಇಲ್ಲ. ಇದನ್ನು ಕೊಲ್ಲಬಾರದೆಂದು ಕಾನೂನು ಬಂದದ್ದು 1956ರಲ್ಲಿ.

ಅಂದಿನಿಂದ ಇದು ಎಷ್ಟು ಸಲ ‘ಮತ್ತೆ ಕಂಡಿತು’! 1988ರಲ್ಲಿ ಬ್ರಹ್ಮಪುತ್ರದ ದಡದಲ್ಲಿ ಕಂಡಿತಂತೆ. 2004ರಲ್ಲಿ ಮ್ಯಾನ್ಮಾರಿನ ಕಚಿನ್ ಪ್ರಾಂತ್ಯದ ಜೌಗಿನಲ್ಲಿ ಒಂದು ಬಾತು ಹಾರಿತು, ಅದೇ ಇರಬೇಕೆಂದರು. ಸೋಸಿ ನೋಡಿದಾಗ, ಚುಕ್ಕೆ ಕೊಕ್ಕಿನ ಬಾತು ಅಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. 2017ರಲ್ಲಿ ಇನ್ನೊಂದು ತಂಡ ಅದೇ ನಾಡಿನ ಇಂಡಾಜಿ ಸರೋವರಕ್ಕೆ ಹೋಗಿ ಹುಡುಕಿತು. ಹಕ್ಕಿ ಸಿಗಲಿಲ್ಲ. ಕೆಲವು ವರ್ಷದ ಕೆಳಗೆ ನೋಡಿದ್ದೆವೆಂಬ ಊರವರ ಮಾತು ಸಿಕ್ಕಿತು.

ನಾನು ಹಕ್ಕಿ ನೋಡಲು ಶುರುಮಾಡಿದ ಕಾಲಕ್ಕೆ ನಮ್ಮ ಗುಂಪಿನಲ್ಲಿ ಒಬ್ಬರು ಹಿರಿಯರಿದ್ದರು. ಹಳೆಯ ಪುಸ್ತಕದಲ್ಲಿ ಈ ಬಾತಿನ ಪುಟ ತೆರೆದು, ‘ನಾನಂತೂ ನೋಡಲಿಲ್ಲ, ನೀವಾದ್ರೂ ನೋಡ್ತೀರಿ ಕಣ್ರೋ’ ಎನ್ನುತ್ತಿದ್ದರು. ಅವರಷ್ಟು ಆಸೆಯಿಂದ ಇದಕ್ಕಾಗಿ ಕಾದವರನ್ನು ನಾನು ಕಂಡಿಲ್ಲ. ಆದರೆ ಯಾರಾದರೂ ‘ಕಂಡಿತಂತೆ ಸಾರ್’ ಎಂದು ಓಡಿಬಂದರೆ ಅವರ ಪ್ರಶ್ನೆಗಳು ಶುರುವಾಗುತ್ತಿದ್ದವು. ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತು? ಎದೆ ಕಪ್ಪೋ ಕಂದೋ? ಪಕ್ಕೆಯಲ್ಲಿ ಬಿಳುಪಿತ್ತೋ? ಹಾರಿದಾಗ ರೆಕ್ಕೆಯಲ್ಲಿ ಬಿಳಿ ಪಟ್ಟೆ ಕಂಡಿತೋ, ತಿಳಿ ಗುಲಾಬಿಯೋ? ಬಿಳಿ ಎಂದ ಕೂಡಲೆ ಅವರು ಪುಸ್ತಕ ಮುಚ್ಚುತ್ತಿದ್ದರು. ಚಳಿಗಾಲಕ್ಕೆ ಉತ್ತರದಿಂದ ವಲಸೆ ಬರುವ ಕೆಂಪು ಜುಟ್ಟಿನ ಬಾತಿಗೂ ತಲೆ ಕಿತ್ತಳೆಗೆಂಪು, ಕೊಕ್ಕು ಹವಳಗೆಂಪು. ದೂರದಿಂದ, ಸಂಜೆಯ ಓರೆಬಿಸಿಲಿನಲ್ಲಿ, ಆಸೆ ತುಂಬಿದ ಕಣ್ಣಿಗೆ ಅದು ಏನು ಬೇಕಾದರೂ ಆಗುತ್ತದೆ. ಆ ಹಿರಿಯರು ಈಗಿಲ್ಲ. ಹಾಗೆ ಪಟ್ಟು ಹಿಡಿದು ಕೇಳುವ ಅಭ್ಯಾಸವೂ ಅವರ ಹಿಂದೆಯೇ ಸವೆಯುತ್ತಿದೆ ಎನ್ನುವುದು ನನಗೆ ಬಾತಿನಷ್ಟೇ ದುಃಖದ ಸಂಗತಿ. ಈಗ ಅನುಮಾನಪಟ್ಟವನನ್ನು ಹಕ್ಕಿಯ ಶತ್ರುವೆಂಬಂತೆ ನೋಡುತ್ತಾರೆ.

ಪರೀಕ್ಷಿಸದೆ ನಂಬಿದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ದೇಶದ್ದೇ ಕಥೆಯಿದೆ. ಹಾಲಕ್ಕಿಯನ್ನೇ ಹೋಲುವ ಫಾರೆಸ್ಟ್ ಔಲೆಟ್ ಎಂಬ ಪುಟ್ಟ ಗೂಬೆ 1884ರ ಬಳಿಕ ಸಿಕ್ಕಿರಲಿಲ್ಲ. 1914ರಲ್ಲಿ ಗುಜರಾತಿನ ಮಾಂಡ್ವಿಯಲ್ಲಿ ತಾನೊಂದನ್ನು ಹೊಡೆದೆನೆಂದು ರಿಚರ್ಡ್ ಮೈನರ್ಟ್ಸ್‌ಹಾಗನ್ ಎಂಬ ಬ್ರಿಟಿಷ್ ಅಧಿಕಾರಿ ಹೇಳಿಕೊಂಡಿದ್ದ. ಲೋಕ ನಂಬಿತು. ಪಕ್ಷಿತಜ್ಞರಾದ ಪಮೇಲಾ ರಾಸ್‌ಮುಸನ್ ಮತ್ತು ನೈಜೆಲ್ ಕಾಲರ್ ಆ ಚರ್ಮವನ್ನು ಕೂಲಂಕಷವಾಗಿ ಪರೀಕ್ಷಿಸಿದಾಗ ಗುಟ್ಟು ಹೊರಬಿತ್ತು. ಅದು ಹತ್ತೊಂಬತ್ತನೆಯ ಶತಮಾನದಲ್ಲಿ ಬೇರೊಬ್ಬರು ಸಂಗ್ರಹಿಸಿದ್ದ ಹಕ್ಕಿ. ಈತ ಮ್ಯೂಸಿಯಮ್ಮಿನಿಂದ ಕದ್ದು, ಮತ್ತೆ ಹತ್ತಿ ತುಂಬಿ, ಸುಳ್ಳು ಚೀಟಿ ಕಟ್ಟಿದ್ದ. ಆ ಚೀಟಿಯನ್ನು ಪಕ್ಕಕ್ಕಿಟ್ಟು, ಹಳೆಯ ಪ್ರಾಮಾಣಿಕ ದಾಖಲೆಗಳ ಜಾಡು ಹಿಡಿದು ಹೋದ ರಾಸ್‌ಮುಸನ್ ಮತ್ತು ಸಂಗಡಿಗರಿಗೆ 1997ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಹಾದಾ ಬಳಿ ಆ ಗೂಬೆ ಹಾಡಹಗಲೇ ಬೋಳು ಮರದ ಮೇಲೆ ಕೂತು ಸಿಕ್ಕಿತು. ಚಿತ್ರ ತೆಗೆದರು, ಯಾರೂ ತಕರಾರು ತೆಗೆಯಲಿಲ್ಲ. 113 ವರ್ಷದ ಮೇಲೆ ಹಕ್ಕಿಯನ್ನು ನಮಗೆ ವಾಪಸು ತಂದುಕೊಟ್ಟವರು ಅನುಮಾನಪಟ್ಟವರೇ.

ಹೀಗೂ ಆಗುತ್ತದೆಂದು ತಿಳಿದಿರುವುದರಿಂದಲೇ ಬಾತಿನ ಬಗ್ಗೆ ನನ್ನ ಆಸೆ ಪೂರ್ತಿ ಸತ್ತಿಲ್ಲ. ಐಯುಸಿಎನ್ ಪಟ್ಟಿಯಲ್ಲೂ ಅದನ್ನು ಅಳಿದ ಹಕ್ಕಿಗಳ ಸಾಲಿಗೆ ಇನ್ನೂ ಸೇರಿಸಿಲ್ಲ. ಆದರೂ ಹೊಸ ಸುದ್ದಿ ಬಂದಾಗಲೆಲ್ಲ ಮನಸ್ಸಿಗೆ ಸಂಕಟವಾಗುತ್ತದೆ. ಎಲ್ಲೋ ಕಚಿನ್ ಜೌಗಿನಲ್ಲಿ ಇದ್ದೀತು ಎಂದುಕೊಂಡರೆ, ಪೂರ್ಣಿಯಾದ ಹುಲ್ಲು ಕಡಿದದ್ದರ ಲೆಕ್ಕ ಯಾರೂ ಕೊಡಬೇಕಾಗಿಲ್ಲ. ಸತ್ತವರಿಗೆ ಅಳುವ ಮೊದಲೇ ಬದುಕಿದ್ದಾರೆಂದು ಸುದ್ದಿ ಹಬ್ಬಿಸಿದರೆ ಸೂತಕವೂ ಇಲ್ಲ, ಜವಾಬ್ದಾರಿಯೂ ಇಲ್ಲ.

ನಮ್ಮ ಕಡೆಯೂ ಇಂಥ ದಿನ ದೂರವಿಲ್ಲ. ರಾಣೆಬೆನ್ನೂರಿನ ಬಯಲಿನಲ್ಲಿ ಒಂದು ಕಾಲಕ್ಕೆ ಎರೆಭೂತವೆಂಬ ದೊಡ್ಡ ಹಕ್ಕಿ ಓಡಾಡುತ್ತಿತ್ತು. ಈಗ ಕರ್ನಾಟಕದಲ್ಲಿ ಅದು ಉಳಿದಿರುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ, ಅದೂ ಬೆರಳೆಣಿಕೆಯಷ್ಟು. ಅದನ್ನು ಯಾರೂ ಮರುಶೋಧಿಸಬೇಕಾಗಿಲ್ಲ, ಇನ್ನೂ ಕಣ್ಣೆದುರಿಗಿದೆ. ಬಾತಿಗಾಗಿ ದೂರದ ಜೌಗಿನ ಕಡೆ ನೋಡುವವರು ಮೊದಲು ಸಿರುಗುಪ್ಪದ ಕಡೆ ನೋಡಲಿ, ಆ ಬಯಲು ಉಳಿಯಬೇಕೆಂದು ಈಗಲೇ ಬಾಯಿಬಿಟ್ಟು ಕೇಳಲಿ.